ಏಳು ಮೈಲಿಯ ಕೋಡಿ: ಯೇಟ್ಸ್ ಕೌಂಟಿಯನ್ನು ಅರಿಯಲು ಒಂದು ದಾರಿ

ನಮ್ಮ ಊರುಗಳ ಕೆರೆಗೆ ಏರಿ ಇರುತ್ತದೆ, ತೂಬು ಇರುತ್ತದೆ, ಕೋಡಿ ಇರುತ್ತದೆ. ಮಳೆ ಚೆನ್ನಾಗಿ ಬಂದ ವರ್ಷ ಕೋಡಿ ಬಿದ್ದರೆ ಊರೆಲ್ಲ ಹೋಗಿ ನೋಡಿ ಬರುತ್ತದೆ. ಹೆಚ್ಚಾದ ನೀರು ಎಲ್ಲಿಂದ ಹೊರಬೀಳುತ್ತದೆ, ಯಾರ ಗದ್ದೆ ದಾಟುತ್ತದೆ, ಕೊನೆಗೆ ಯಾವ ಕೆರೆ ಸೇರುತ್ತದೆ ಎಂಬುದು ತಿಳಿದರೆ ಆ ಊರಿನ ಅರ್ಧ ಚರಿತ್ರೆ ತಿಳಿದ ಹಾಗೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಯೇಟ್ಸ್ ಕೌಂಟಿ ಎಂಬ ಗ್ರಾಮೀಣ ಸೀಮೆಯನ್ನು ಅರ್ಥ ಮಾಡಿಕೊಳ್ಳಲು ನಾನು ಹಿಡಿದ ದಾರಿಯೂ ಇದೇ. ಅಲ್ಲಿ ಕ್ಯೂಕಾ ಎಂಬ ಸರೋವರದ ಕೋಡಿ ಸುಮಾರು ಏಳು ಮೈಲಿ ಹರಿದು, 270 ಅಡಿ ಕೆಳಗಿರುವ ಸೆನೆಕಾ ಸರೋವರವನ್ನು ಸೇರುತ್ತದೆ. ಆ ಇಳಿಜಾರನ್ನು ಹಿಡಿದು ನಡೆದರೆ ಸೀಮೆಯ ನೆಲ, ಜನ, ಬೆಳೆ, ಜಗಳ ಎಲ್ಲವೂ ಒಂದೊಂದಾಗಿ ಎದುರಾಗುತ್ತವೆ.

ನ್ಯೂಯಾರ್ಕ್ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಗಗನಚುಂಬಿ ಕಟ್ಟಡಗಳ ಮಹಾನಗರ. ಆದರೆ ಅದೇ ಹೆಸರಿನ ರಾಜ್ಯದಲ್ಲಿ 62 ಕೌಂಟಿಗಳಿವೆ, ಅವುಗಳಲ್ಲಿ ಹಲವು ಅಪ್ಪಟ ಹಳ್ಳಿಗಾಡು. ಯೇಟ್ಸ್ 1823ರಲ್ಲಿ ಆಂಟೇರಿಯೊ ಕೌಂಟಿಯಿಂದ ಬೇರೆಯಾಯಿತು. ಆ ವರ್ಷವೇ ರಾಜ್ಯದ ಗವರ್ನರ್ ಆಗಿ ಬಂದಿದ್ದ ಜೋಸೆಫ್ ಯೇಟ್ಸ್ ಅವರ ಹೆಸರನ್ನೇ ಇಟ್ಟರು. ನೆಲದ ವಿಸ್ತೀರ್ಣ ಸುಮಾರು 875 ಚದರ ಕಿಲೋಮೀಟರ್, ಅಂದರೆ ನಮ್ಮ ಒಂದು ತಾಲ್ಲೂಕಿನಷ್ಟು. 2020ರ ಜನಗಣತಿಯಲ್ಲಿ ಸಿಕ್ಕ ಜನ 24,774 ಮಾತ್ರ. ಭೂಪಟ ನೋಡುವಾಗ ಕನ್ನಡದ ಓದುಗರಿಗೆ ಒಂದು ಗೊಂದಲ ಎದುರಾಗುತ್ತದೆ. ಅಲ್ಲಿ ‘ಟೌನ್’ ಎಂದರೆ ಪಟ್ಟಣವಲ್ಲ. ಕೌಂಟಿಯ ಇಡೀ ನೆಲವನ್ನು ಒಂಬತ್ತು ಟೌನ್‌ಗಳಾಗಿ ಹಂಚಿದ್ದಾರೆ. ಹೊಲ, ಕಾಡು, ತೋಟ ಎಲ್ಲವೂ ಯಾವುದಾದರೂ ಒಂದು ಟೌನ್‌ಗೆ ಸೇರಿರುತ್ತದೆ. ನಮ್ಮ ಹೋಬಳಿ ಎಂದುಕೊಂಡರೆ ಹತ್ತಿರವಾಗುತ್ತದೆ. ಅವುಗಳಲ್ಲಿ ಒಂದರ ಹೆಸರು ಜೆರುಸಲೇಮ್, ಇನ್ನೊಂದರ ಹೆಸರು ಇಟಲಿ. ನಾವು ಪಟ್ಟಣ ಎನ್ನಬಹುದಾದದ್ದು ಪೆನ್ ಯಾನ್ ಒಂದೇ. ಸುಮಾರು ಐದು ಸಾವಿರ ಜನರ ಆ ಊರೇ ಕೌಂಟಿಯ ಕೇಂದ್ರ, ಕ್ಯೂಕಾದ ಕೋಡಿ ಶುರುವಾಗುವುದೂ ಅಲ್ಲಿಂದಲೇ.

ಈ ಸೀಮೆಗೆ ಮೂರು ಕಡೆ ನೀರು. ಪೂರ್ವದ ಗಡಿಯಲ್ಲಿ ಸೆನೆಕಾ ಸರೋವರ, ಪಶ್ಚಿಮದಲ್ಲಿ ಕ್ಯಾನನ್‌ಡೇಗ್ವಾ ಸರೋವರ, ನಡುವೆ ದಕ್ಷಿಣದಿಂದ ಚಾಚಿಕೊಂಡ ಕ್ಯೂಕಾ. ಮೂರೂ ‘ಫಿಂಗರ್ ಲೇಕ್ಸ್’ ಎನ್ನುವ ಹನ್ನೊಂದು ಸರೋವರಗಳ ಗುಂಪಿನವು. ಭೂಪಟದಲ್ಲಿ ಯಾರೋ ಅಂಗೈಯನ್ನು ಒದ್ದೆ ಮಣ್ಣಿನ ಮೇಲೆ ಊರಿ ಎಳೆದಂತೆ, ಉತ್ತರ ದಕ್ಷಿಣವಾಗಿ ಉದ್ದುದ್ದ ಮಲಗಿವೆ. ಈ ಗುರುತು ಮೂಡಿಸಿದ್ದು ಹಿಮ. ಲಕ್ಷಾಂತರ ವರ್ಷಗಳ ಅವಧಿಯಲ್ಲಿ ಸಾವಿರಾರು ಅಡಿ ದಪ್ಪದ ಮಂಜುಗಡ್ಡೆ ಉತ್ತರದಿಂದ ಮತ್ತೆ ಮತ್ತೆ ಸರಿದು ಬಂದು, ಮೊದಲೇ ಇದ್ದ ನದಿ ಕಣಿವೆಗಳನ್ನು ಕೊರೆದು ಆಳ ಮಾಡಿತು. ಸೆನೆಕಾದ ಆಳ 618 ಅಡಿ. ಅದರ ನೀರಿನ ಮೇಲ್ಮೈ ಸಮುದ್ರ ಮಟ್ಟದಿಂದ 445 ಅಡಿ ಎತ್ತರದಲ್ಲಿದೆ. ಲೆಕ್ಕ ಹಾಕಿ ನೋಡಿ, ಕಡಲಿನಿಂದ ಅಷ್ಟು ದೂರದ ಒಳನಾಡಿನಲ್ಲಿರುವ ಈ ಸರೋವರದ ತಳ ಸಮುದ್ರ ಮಟ್ಟಕ್ಕಿಂತ ಕೆಳಗಿದೆ.

ಕ್ಯೂಕಾದ ಆಕಾರವೇ ಬೇರೆ. ಉಳಿದವು ನೇರವಾಗಿದ್ದರೆ ಇದು ಇಂಗ್ಲಿಷಿನ ‘ವೈ’ ಅಕ್ಷರದಂತೆ ಉತ್ತರಕ್ಕೆ ಎರಡು ತೋಳು ಚಾಚಿದೆ. ಅದಕ್ಕೇ ಹಳೆಯ ವಲಸಿಗರು ಇದನ್ನು ‘ಕ್ರೂಕೆಡ್ ಲೇಕ್’, ಡೊಂಕು ಸರೋವರ, ಎನ್ನುತ್ತಿದ್ದರು. ಎರಡು ಹೊಳೆಗಳು ಸಂಗಮವಾಗಿ ಮುಂದೆ ಒಂದಾಗಿ ಹರಿಯುವಾಗ ಮೂಡುವ ಆಕಾರ ಇದು. ಹಿಮಯುಗಕ್ಕೆ ಮೊದಲು ಇಲ್ಲಿನ ನೀರು ದಕ್ಷಿಣಕ್ಕೆ ಹರಿಯುತ್ತಿತ್ತು ಎಂಬುದಕ್ಕೆ ಆ ಸಂಗಮವೇ ಸಾಕ್ಷಿ. ಹಿಮ ಕರಗಿ ಹಿಂದೆ ಸರಿಯುವಾಗ ಹೊತ್ತು ತಂದ ಕಲ್ಲು ಮಣ್ಣನ್ನು ದಕ್ಷಿಣದ ಕಣಿವೆಯಲ್ಲಿ ರಾಶಿ ಹಾಕಿತು. ಅಲ್ಲೊಂದು ಏರಿ ಕಟ್ಟಿದಂತಾಯಿತು. ಹಳೆಯ ದಾರಿ ಮುಚ್ಚಿದ ನೀರು ತುಂಬಿ, ಈಶಾನ್ಯದ ತೋಳಿನ ತುದಿಯಲ್ಲಿ ತಗ್ಗು ಹುಡುಕಿ, ಪೂರ್ವಕ್ಕೆ ಕೋಡಿ ಬಿತ್ತು. ಅದೇ ಈಗ ಪೆನ್ ಯಾನ್‌ನಿಂದ ಡ್ರೆಸ್ಡೆನ್ ಎಂಬ ಹಳ್ಳಿಯವರೆಗೆ ಹರಿಯುವ ಏಳು ಮೈಲಿ.

ಈ ನೆಲದ ಮೂಲದ ಬಗ್ಗೆ ಇಲ್ಲಿನ ಮೊದಲ ಜನರಿಗೆ ತಮ್ಮದೇ ಕಥೆಯಿದೆ. ಸೆನೆಕಾ ಜನ ತಮ್ಮನ್ನು ‘ದೊಡ್ಡ ಬೆಟ್ಟದ ಜನ’ ಎಂದು ಕರೆದುಕೊಳ್ಳುತ್ತಾರೆ. ಹೋಡೆನೊಶೋನಿ ಎಂಬ ಆರು ಜನಾಂಗಗಳ ಒಕ್ಕೂಟದಲ್ಲಿ ಇವರು ಪಶ್ಚಿಮದ ಬಾಗಿಲು ಕಾಯುವವರು. ಅವರ ಪರಂಪರೆಯಲ್ಲಿ ಮೂಲಸ್ಥಾನವಾದ ಬೆಟ್ಟ ಯಾವುದೆಂದು ಹುಡುಕಿದವರಲ್ಲಿ ಅನೇಕರು ಬೊಟ್ಟು ಮಾಡುವುದು ಕ್ಯಾನನ್‌ಡೇಗ್ವಾ ದಂಡೆಯ ಬೇರ್ ಹಿಲ್ ಕಡೆಗೆ. ಅದು ಯೇಟ್ಸ್ ಕೌಂಟಿಯ ಮಿಡಲ್‌ಸೆಕ್ಸ್ ಟೌನ್‌ನಲ್ಲಿದೆ. ಹುಡುಗನೊಬ್ಬ ತಂದು ಸಾಕಿದ ಪುಟ್ಟ ಹಾವು ಬೆಳೆದು ಬೆಳೆದು ಬೆಟ್ಟವನ್ನೇ ಸುತ್ತಿಕೊಂಡಿತು, ಕೆಳಗಿಳಿಯಲು ಬಂದವರನ್ನೆಲ್ಲ ನುಂಗಿತು, ಕೊನೆಗೆ ಉಳಿದವರು ಬಿಟ್ಟ ಬಾಣಕ್ಕೆ ಸಿಕ್ಕಿ ಹೊರಳುತ್ತ ಸರೋವರಕ್ಕೆ ಉರುಳುವಾಗ ನುಂಗಿದ ತಲೆಗಳನ್ನೆಲ್ಲ ಕಾರಿತು ಎನ್ನುತ್ತದೆ ಕಥೆ. ಆ ದಂಡೆಯಲ್ಲಿ ತಲೆಬುರುಡೆಯಷ್ಟು ಗಾತ್ರದ ಉರುಟು ಕಲ್ಲುಗಳು ನಿಜವಾಗಿಯೂ ಸಿಗುತ್ತವೆ. ಹಳೆಯ ಸಮುದ್ರದ ಕೆಸರಿನಲ್ಲಿ ಒಂದು ಕಣದ ಸುತ್ತ ಖನಿಜ ಕೂಡುತ್ತ ಕೂಡುತ್ತ ಉಂಡೆ ಕಟ್ಟಿ, ಸುತ್ತಲಿನ ಜೇಡಿಪದರಗಲ್ಲು ಸವೆದ ಮೇಲೆ ಹೊರಬಿದ್ದ ಗಟ್ಟಿಗಲ್ಲುಗಳು ಅವು. ಎರಡು ವಿವರಣೆಗಳನ್ನೂ ತಿಳಿದು ಆ ಕಲ್ಲನ್ನು ಕೈಯಲ್ಲಿ ಹಿಡಿಯುವವರಿಗೆ ಅದರ ತೂಕ ಬೇರೆಯೇ ಇರುತ್ತದೆ.

1779ರ ಸೆಪ್ಟೆಂಬರ್ ಈ ಜನರ ಪಾಲಿಗೆ ಪ್ರಳಯ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಸೆನೆಕಾ ಜನ ಬ್ರಿಟಿಷರ ಪಕ್ಷದಲ್ಲಿದ್ದರು. ಜಾರ್ಜ್ ವಾಷಿಂಗ್ಟನ್ ಆಜ್ಞೆಯಂತೆ ಜನರಲ್ ಜಾನ್ ಸಲ್ಲಿವನ್ ಸಾವಿರಾರು ಸೈನಿಕರೊಂದಿಗೆ ಬಂದು ನಲವತ್ತರಷ್ಟು ಊರುಗಳನ್ನು ಸುಟ್ಟ. ಸುಟ್ಟದ್ದು ಮನೆಗಳನ್ನಷ್ಟೇ ಅಲ್ಲ. ಕೊಯ್ಲಿಗೆ ಬಂದ ಮೆಕ್ಕೆಜೋಳ ಬೂದಿಯಾಯಿತು, ಪೀಚ್ ಮತ್ತು ಸೇಬಿನ ಮರಗಳು ನೆಲಕ್ಕುರುಳಿದವು. ಈ ಸೀಮೆಯ ‘ಕಾಡನ್ನು ಕಡಿದು ನಾಡು ಮಾಡಿದ’ ಬಿಳಿಯ ವಲಸಿಗರ ಕಥೆಯನ್ನು ಓದುವಾಗಲೆಲ್ಲ ಇದನ್ನು ನೆನಪಿಡಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ: ಇಲ್ಲಿ ಅವರಿಗಿಂತ ಮೊದಲೇ ಹೊಲಗಳಿದ್ದವು, ತೋಟಗಳಿದ್ದವು. ಸೈನಿಕರು ಮರಳಿ ಹೋಗಿ ಹೇಳಿದ್ದೂ ಆ ಹೊಲಗಳ ಫಲವತ್ತತೆಯ ಬಗ್ಗೆಯೇ. ವಾಷಿಂಗ್ಟನ್‌ಗೆ ಹೋಡೆನೊಶೋನಿ ಭಾಷೆಗಳಲ್ಲಿ ಇರುವ ಹೆಸರಿನ ಅರ್ಥ ‘ಊರು ನಾಶ ಮಾಡುವವನು’. ಇಂದು ಸೆನೆಕಾ ಜನರ ಸ್ವಂತ ನೆಲಗಳಿರುವುದು ರಾಜ್ಯದ ಇನ್ನೂ ಪಶ್ಚಿಮದಲ್ಲಿ. ಯೇಟ್ಸ್ ಕೌಂಟಿಯಲ್ಲಿ ಉಳಿದಿರುವುದು ಸರೋವರಗಳ ಹೆಸರು.

ಹತ್ತು ವರ್ಷ ಕಳೆಯುವುದರೊಳಗೆ ಕೋಡಿಯ ಕೆಳತುದಿಗೆ ಬಂದು ನೆಲೆಸಿದವರು ಒಂದು ವಿಶಿಷ್ಟ ಧಾರ್ಮಿಕ ಗುಂಪಿನವರು. ಅವರ ನಾಯಕತ್ವ ವಹಿಸಿದ್ದ ವ್ಯಕ್ತಿ 1752ರಲ್ಲಿ ರೋಡ್ ಐಲೆಂಡ್‌ನಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದ ಕುಟುಂಬವೊಂದರಲ್ಲಿ ಜಮೈಮಾ ವಿಲ್ಕಿನ್‌ಸನ್ ಎಂಬ ಹೆಣ್ಣುಮಗುವಾಗಿ ಹುಟ್ಟಿದವರು. 1776ರ ಅಕ್ಟೋಬರ್‌ನಲ್ಲಿ ಕಠಿಣ ಜ್ವರ ಬಂದು ಎದ್ದ ಮೇಲೆ, ಜಮೈಮಾ ಸತ್ತುಹೋದಳು, ಈ ದೇಹದಲ್ಲಿ ಈಗಿರುವುದು ದೇವರು ಕಳಿಸಿದ ಚೇತನ, ಅದು ಹೆಣ್ಣೂ ಅಲ್ಲ ಗಂಡೂ ಅಲ್ಲ ಎಂದರು. ಹಳೆಯ ಹೆಸರಿಗೆ ಓಗೊಡುವುದನ್ನೇ ಬಿಟ್ಟು ‘ಪಬ್ಲಿಕ್ ಯೂನಿವರ್ಸಲ್ ಫ್ರೆಂಡ್’, ಎಲ್ಲರ ಮಿತ್ರ, ಎಂದಷ್ಟೇ ಕರೆಸಿಕೊಂಡರು. ಗಂಡಸರ ಟೋಪಿ, ಪಾದ್ರಿಯಂಥ ನಿಲುವಂಗಿ ತೊಟ್ಟು ಊರೂರು ತಿರುಗಿ ಬೋಧಿಸಿದರು. ಇಂಗ್ಲಿಷಿನಲ್ಲಿ ಅವರ ಬಗ್ಗೆ ಬರೆಯುವವರು ಅವಳು ಎನ್ನಬೇಕೋ ಅವನು ಎನ್ನಬೇಕೋ ಎಂದು ಎರಡು ಶತಮಾನಗಳಿಂದ ತಡವರಿಸುತ್ತಲೇ ಇದ್ದಾರೆ. ಕನ್ನಡಕ್ಕೆ ಆ ಕಷ್ಟವಿಲ್ಲ. ನಮ್ಮ ‘ಅವರು’ ಗೌರವವನ್ನೂ ಕೊಡುತ್ತದೆ, ಲಿಂಗದ ಪ್ರಶ್ನೆಯನ್ನೂ ಕೇಳುವುದಿಲ್ಲ.

ಗುಲಾಮಗಿರಿ ಪಾಪ ಎಂದು ಅವರು ಸಾರಿದರು; ಗುಲಾಮರನ್ನು ಇಟ್ಟುಕೊಂಡಿದ್ದ ಅನುಯಾಯಿಗಳು ಬಿಡುಗಡೆ ಮಾಡಿದರು. ಅವಿವಾಹಿತ ಹೆಣ್ಣುಮಕ್ಕಳು ಈ ಸಮುದಾಯದಲ್ಲಿ ಮುಂದಾಳುಗಳಾಗಿದ್ದರು. ಪೂರ್ವದ ನಗರಗಳಲ್ಲಿ ವಿರೋಧ ಹೆಚ್ಚಾದಾಗ ದೂರದಲ್ಲಿ ತಮ್ಮದೇ ಊರು ಕಟ್ಟುವ ನಿರ್ಧಾರವಾಯಿತು. 1788ರಲ್ಲಿ ಮೊದಲ ತಂಡ ಬಂತು, 1790ರಲ್ಲಿ ಸ್ವತಃ ಮಿತ್ರರು ಬಂದರು. ಆ ಹೊತ್ತಿಗೆ ಊರಿನಲ್ಲಿ ಸುಮಾರು 260 ಜನ. ಬಂದವರು ತಡಮಾಡದೆ ಮಾಡಿದ ಕೆಲಸವೆಂದರೆ ಕ್ಯೂಕಾದ ಕೋಡಿಗೆ ಅಡ್ಡಗಟ್ಟೆ ಹಾಕಿ ಹಿಟ್ಟಿನ ಗಿರಣಿ ಕಟ್ಟಿದ್ದು. ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಭಾಗಕ್ಕೆ ಅದೇ ಮೊದಲ ಗಿರಣಿ.

ಆದರೆ ನೆಲ ಯಾರದ್ದು ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ಈ ಸೀಮೆಯನ್ನು ಮಾರುವ ಹಕ್ಕಿಗಾಗಿ ನ್ಯೂಯಾರ್ಕ್ ಮತ್ತು ಮ್ಯಾಸಚೂಸೆಟ್ಸ್ ರಾಜ್ಯಗಳು ಕಿತ್ತಾಡಿ, 1786ರಲ್ಲಿ ಉತ್ತರ ದಕ್ಷಿಣವಾಗಿ ಒಂದು ಗೆರೆ ಎಳೆದು ಹಂಚಿಕೊಳ್ಳಲು ಒಪ್ಪಿದ್ದವು. 1788ರಲ್ಲಿ ಅಳೆದವರ ಗೆರೆ ಉತ್ತರಕ್ಕೆ ಹೋದಂತೆ ಪಶ್ಚಿಮಕ್ಕೆ ವಾಲಿತು. 1792ರಲ್ಲಿ ಮತ್ತೆ ಅಳೆದಾಗ ನಿಜವಾದ ಗೆರೆ ಪೂರ್ವದಲ್ಲಿದೆ ಎಂದು ಗೊತ್ತಾಯಿತು. ಎರಡೂ ಗೆರೆಗಳ ನಡುವೆ ಸಿಕ್ಕಿಕೊಂಡ ಪಟ್ಟಿಯಲ್ಲಿ ಮರ ಕಡಿದು, ಮನೆ ಕಟ್ಟಿ, ಬಿತ್ತಿದವರಿಗೆ ತಮ್ಮ ಪತ್ರ ಊರ್ಜಿತವೇ ಎಂಬುದೇ ತಿಳಿಯದಾಯಿತು. ಸರ್ವೆ ಕಲ್ಲು ತಪ್ಪಿದ ಹೊಲದ ವ್ಯಾಜ್ಯ ಎಷ್ಟು ತಲೆಮಾರು ಎಳೆಯುತ್ತದೆ ಎಂದು ಬಲ್ಲ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಿತ್ರರು ಹತ್ತಿರದ ನಂಬಿಕಸ್ಥರೊಂದಿಗೆ ಕ್ಯೂಕಾದ ಪಶ್ಚಿಮಕ್ಕೆ ಸರಿದು ಜೆರುಸಲೇಮ್ ಎಂಬ ಹೊಸ ನೆಲೆ ಮಾಡಿದರು. 1819ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಮನೆ ಇಂದಿಗೂ ನಿಂತಿದೆ. ಸಮುದಾಯ ಮಾತ್ರ ಕೆಲವು ದಶಕಗಳಲ್ಲಿ ಕರಗಿಹೋಯಿತು.

ಗಿರಣಿ ಉಳಿಯಿತು, ಒಂದಕ್ಕೆ ಹತ್ತಾಗಿ ಬೆಳೆಯಿತು. 270 ಅಡಿ ಇಳಿಜಾರು ಎಂದರೆ ಆ ಕಾಲಕ್ಕೆ ಕಲ್ಲಿದ್ದಲ ಗಣಿಯಷ್ಟೇ ಬೆಲೆಬಾಳುವ ಶಕ್ತಿ. ಅದರಲ್ಲೂ ಬೇಸಿಗೆಯಲ್ಲಿ ಬತ್ತದ ಕೋಡಿ. ಮೇಲೆ ಇಪ್ಪತ್ತು ಮೈಲಿ ಉದ್ದದ ಸರೋವರವೇ ತೊಟ್ಟಿಯಾಗಿ ನಿಂತಿದೆಯಲ್ಲ. ಹಿಟ್ಟು, ಮರ ಕೊಯ್ಯುವುದು, ಅಗಸೆ ಎಣ್ಣೆ, ಕಾಗದ, ಮದ್ಯ, ಹೀಗೆ ದಂಡೆಯುದ್ದಕ್ಕೂ ಕಾರ್ಖಾನೆಗಳು ಎದ್ದವು. ಪೆನ್ಸಿಲ್ವೇನಿಯಾದಿಂದ ಬಂದವರೂ ನ್ಯೂ ಇಂಗ್ಲೆಂಡಿನ ಯಾಂಕಿಗಳೂ ಸೇರಿದ್ದ ಊರಿಗೆ ಎರಡರಿಂದಲೂ ಚೂರು ತೆಗೆದು ಪೆನ್ ಯಾನ್ ಎಂದು ಹೆಸರಿಟ್ಟರು.

1833ರಲ್ಲಿ ಈ ಕೋಡಿಯ ಪಕ್ಕದಲ್ಲೇ ದೋಣಿ ಸಾಗಿಸುವ ಕಾಲುವೆ ತೆರೆಯಿತು. ಇಷ್ಟು ಕಡಿದಾದ ಜಾಗದಲ್ಲಿ ದೋಣಿ ಹೇಗೆ ಇಳಿಯುತ್ತದೆ? ಕಾಲುವೆಯನ್ನು ಮೆಟ್ಟಿಲು ಮೆಟ್ಟಿಲಾಗಿ ತೋಡಿ, ಪ್ರತಿ ಮೆಟ್ಟಿಲಿಗೂ ಎರಡು ಬಾಗಿಲುಗಳ ಒಂದು ತೊಟ್ಟಿ ಕಟ್ಟುತ್ತಾರೆ, ಅದೇ ಲಾಕ್. ದೋಣಿ ಒಳಗೆ ಬಂದ ಮೇಲೆ ಮೇಲಿನ ಬಾಗಿಲು ಮುಚ್ಚಿ, ಕೆಳಗಿನ ಕಿಂಡಿ ತೆರೆಯುತ್ತಾರೆ. ನೀರು ಇಳಿದಂತೆ ದೋಣಿಯೂ ಮೆಲ್ಲಗೆ ಇಳಿಯುತ್ತದೆ. ಕೆಳಗಿನ ಕಾಲುವೆಯ ಮಟ್ಟಕ್ಕೆ ಬಂದಾಗ ಕೆಳಬಾಗಿಲು ತೆರೆದರೆ, ದಂಡೆಯ ಮೇಲೆ ನಡೆಯುವ ಕುದುರೆಯೋ ಹೇಸರಗತ್ತೆಯೋ ಹಗ್ಗ ಎಳೆದು ಮುಂದಕ್ಕೆ ಒಯ್ಯುತ್ತದೆ. ಕಾಲುವೆಯ ಎಂಟು ಮೈಲಿ ಉದ್ದದಲ್ಲಿ ಇಂಥ ಇಪ್ಪತ್ತೈದಕ್ಕೂ ಹೆಚ್ಚು ಲಾಕ್‌ಗಳು. ದುರಸ್ತಿಯ ಖರ್ಚು ಆದಾಯವನ್ನು ನುಂಗಿತು, 1877ರಲ್ಲಿ ಕಾಲುವೆ ಮುಚ್ಚಿತು. ಕೆಲವೇ ವರ್ಷಗಳಲ್ಲಿ ಕುದುರೆ ನಡೆದ ದಾರಿಯ ಮೇಲೆ ರೈಲು ಹಳಿ ಬಂತು. 1972ರ ಜೂನ್‌ನಲ್ಲಿ ಆಗ್ನೆಸ್ ಚಂಡಮಾರುತದ ಮಳೆ ಆ ಹಳಿಯನ್ನೂ ಕೊಚ್ಚಿತು. ಈಗ ಅದು ನಡೆಯುವವರ, ಸೈಕಲ್ ತುಳಿಯುವವರ ಹಾದಿ. ಅಲ್ಲಿ ಹೆಜ್ಜೆ ಹಾಕಿದರೆ ಪಾಳುಬಿದ್ದ ಗಿರಣಿಯ ಕಲ್ಲುಗೋಡೆ, ಪಾಚಿ ಹಿಡಿದ ಲಾಕ್‌ನ ಅಂಚು, ಪುಸ್ತಕ ಜೋಡಿಸಿದಂತೆ ಪದರ ಪದರವಾದ ಕಪ್ಪು ಕಲ್ಲಿನ ಮೇಲಿಂದ ಧುಮುಕುವ ನೀರು ಒಂದೇ ನೋಟದಲ್ಲಿ ಕಾಣುತ್ತವೆ.

ಪೆನ್ ಯಾನ್‌ನಲ್ಲಿ ಕೋಡಿಯ ಬಾಯಲ್ಲೇ ಇರುವ ಬರ್ಕೆಟ್ ಮಿಲ್ಸ್ 1797ರಿಂದ ನಡೆದು ಬಂದಿದೆ. ಅದರ ಹೆಸರುವಾಸಿ ಸರಕು ಬಕ್‌ವೀಟ್. ಉತ್ತರ ಭಾರತದವರು ಉಪವಾಸದ ದಿನ ತಿನ್ನುವ ಕುಟ್ಟು ಇದೇ. ಬಡ ಮಣ್ಣಿನಲ್ಲೂ ಮೂರು ತಿಂಗಳೊಳಗೆ ಕೈಗೆ ಬರುವ ಬೆಳೆಯಾದ್ದರಿಂದ ಇಲ್ಲಿನ ಬೆಟ್ಟದ ಹೊಲಗಳಿಗೆ ಒಗ್ಗಿತು. 1987ರಲ್ಲಿ ಊರಿನವರು ಈ ಹಿಟ್ಟಿನಿಂದ ಜಗತ್ತಿನಲ್ಲೇ ದೊಡ್ಡ ಪ್ಯಾನ್‌ಕೇಕ್ ಹುಯ್ದರು. ಸುಮಾರು 28 ಅಡಿ ಅಗಲದ ಆ ಕಾವಲಿಯ ಅರ್ಧ ಭಾಗವನ್ನು ಗಿರಣಿಯ ಗೋಡೆಗೇ ನೇತುಹಾಕಿದ್ದಾರೆ.

ಇಳಿಜಾರು ನೀರಿಗಷ್ಟೇ ಅಲ್ಲ, ಗಾಳಿಗೂ ದಾರಿ. ಈ ಸೀಮೆಯ ದ್ರಾಕ್ಷಿಯ ಗುಟ್ಟು ಇರುವುದು ಅಲ್ಲಿ. ಚಳಿಗಾಲದಲ್ಲಿ ಉಷ್ಣಾಂಶ ಸೊನ್ನೆಗಿಂತ ಬಹಳ ಕೆಳಗಿಳಿಯುವ ನಾಡಿನಲ್ಲಿ ಬಳ್ಳಿ ಬದುಕುವುದೇ ಕಷ್ಟ. ಆದರೆ ಆಳವಾದ ಸರೋವರ ಬೇಸಿಗೆಯ ಬಿಸಿಯನ್ನು ಒಡಲಲ್ಲಿಟ್ಟುಕೊಂಡು ಚಳಿಗಾಲವಿಡೀ ನಿಧಾನವಾಗಿ ಬಿಡುತ್ತದೆ. ಸೆನೆಕಾ ಹೆಪ್ಪುಗಟ್ಟುವುದೇ ಅಪರೂಪ. ವಸಂತದಲ್ಲಿ ಇದರ ತಿರುವುಮುರುವು: ತಣ್ಣಗಿನ ನೀರು ದಂಡೆಯ ಗಾಳಿಯನ್ನೂ ತಂಪಾಗಿಡುತ್ತದೆ, ಚಿಗುರು ತಡವಾಗಿ ಒಡೆಯುತ್ತದೆ, ಕೊನೆಯ ಇಬ್ಬನಿ ಹೆಪ್ಪಿನ ಏಟಿನಿಂದ ಪಾರಾಗುತ್ತದೆ. ಜೊತೆಗೆ ರಾತ್ರಿಯ ಭಾರವಾದ ತಣ್ಣನೆಯ ಗಾಳಿ ನೀರಿನ ಹಾಗೆಯೇ ಇಳಿಜಾರಿನಲ್ಲಿ ಜಾರಿ ಸರೋವರದ ಕಡೆ ಹೋಗುತ್ತದೆ, ಬಳ್ಳಿಯ ಬುಡದಲ್ಲಿ ನಿಲ್ಲುವುದಿಲ್ಲ. ದಂಡೆಯಿಂದ ಸ್ವಲ್ಪ ದೂರದ ಬಯಲಿನಲ್ಲಿ ಅದೇ ಬಳ್ಳಿ ನೆಟ್ಟರೆ ಸುಟ್ಟುಹೋಗುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ಹಬ್ಬಿದ್ದು ಕಾಂಕಾರ್ಡ್, ಕಟಾಬಾದಂಥ ಅಮೆರಿಕದ್ದೇ ಕುಲದ ತಳಿಗಳು. ಅವುಗಳ ರುಚಿ ನಮಗೆ ಅಪರಿಚಿತವಲ್ಲ. ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಬೆಂಗಳೂರು ನೀಲಿ ದ್ರಾಕ್ಷಿ ಇದೇ ಕುಲಕ್ಕೆ ಸೇರಿದ ಇಸಬೆಲ್ಲಾ ತಳಿಯದ್ದು. ಒಂದು ಹಣ್ಣನ್ನು ಬೆರಳ ನಡುವೆ ಒತ್ತಿ ನೋಡಿ: ದಪ್ಪ ಸಿಪ್ಪೆಯಿಂದ ತಿರುಳು ಗೋಲಿಯಂತೆ ಇಡಿಯಾಗಿ ಜಾರಿ ಹೊರಬರುತ್ತದೆ, ಕೋಣೆ ತುಂಬ ಘಾಟು ಬೆರೆತ ಸಿಹಿ ವಾಸನೆ. ಕ್ಯೂಕಾ ದಂಡೆಯ ಹಳೆಯ ತೋಟಗಳಲ್ಲಿ ಸೆಪ್ಟೆಂಬರ್ ಕೊನೆಗೆ ಬರುವುದೂ ಅದೇ ವಾಸನೆ. 1976ರಲ್ಲಿ ರಾಜ್ಯ ಸರ್ಕಾರ ಕಾಯ್ದೆ ಬದಲಿಸಿ, ಬೆಳೆಗಾರರೇ ಸಣ್ಣ ಪ್ರಮಾಣದಲ್ಲಿ ವೈನ್ ಮಾಡಿ ತೋಟದಲ್ಲೇ ಮಾರಲು ದಾರಿ ಮಾಡಿಕೊಟ್ಟಿತು. ಆಮೇಲೆ ಯುರೋಪಿನ ತಳಿಗಳು, ಮುಖ್ಯವಾಗಿ ರೀಸ್ಲಿಂಗ್, ದಂಡೆಗಳನ್ನು ಹಿಡಿದವು.

ಅದೇ 1970ರ ದಶಕದಲ್ಲಿ ಮೇಲಿನ ಬಯಲಿಗೆ ಬೇರೊಂದು ಸಮುದಾಯ ಬರತೊಡಗಿತು. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯಲ್ಲಿ ಜಮೀನಿನ ಬೆಲೆ ಮುಟ್ಟಲಾರದಷ್ಟು ಏರಿದಾಗ, ಅಲ್ಲಿನ ಮೆನ್ನೊನೈಟ್ ರೈತ ಕುಟುಂಬಗಳು ಯೇಟ್ಸ್‌ನಲ್ಲಿ ಹಳೆಯ ರೈತರು ಬಿಟ್ಟುಹೋಗುತ್ತಿದ್ದ ಹೊಲಗಳನ್ನು ಕೊಂಡವು. ಮೆನ್ನೊನೈಟರು ಹದಿನಾರನೆಯ ಶತಮಾನದ ಯುರೋಪಿನಲ್ಲಿ ಹುಟ್ಟಿದ ಪಂಥದವರು. ತಿಳಿವಳಿಕೆ ಬಂದ ಮೇಲೆಯೇ ದೀಕ್ಷೆ ಪಡೆಯಬೇಕು, ಆಯುಧ ಹಿಡಿಯಬಾರದು ಎಂಬುದು ಅವರ ನಿಷ್ಠೆ. ಇಲ್ಲಿಗೆ ಬಂದವರಲ್ಲಿ ಹೆಚ್ಚಿನವರು ವೆಂಗರ್ ಮೆನ್ನೊನೈಟರು. ಮೋಟಾರು ಕಾರು ಬೇಕೋ ಬೇಡವೋ ಎಂಬ ಪ್ರಶ್ನೆಯ ಮೇಲೆ 1927ರಲ್ಲಿ ಸಭೆ ಒಡೆದಾಗ ಬೇಡ ಎಂದು ಕುದುರೆಗಾಡಿಯಲ್ಲೇ ಉಳಿದವರು ಇವರು. ಕುದುರೆಗಾಡಿಯಲ್ಲೇ ಓಡಾಡುವ ಇನ್ನೊಂದು ಕ್ರೈಸ್ತ ಪಂಥವಾದ ಆಮಿಶ್ ಜನರೆಂದು ಇವರನ್ನು ತಪ್ಪಾಗಿ ತಿಳಿಯುವವರು ಬಹಳ. ಆಮಿಶರು ಮನೆಮನೆಗಳಲ್ಲಿ ಪ್ರಾರ್ಥನೆಗೆ ಸೇರುತ್ತಾರೆ, ಮದುವೆಯಾದ ಗಂಡಸರು ಗಡ್ಡ ಬಿಡುತ್ತಾರೆ. ವೆಂಗರ್‌ಗಳಿಗೆ ಪ್ರತ್ಯೇಕ ಪ್ರಾರ್ಥನಾ ಮಂದಿರವಿದೆ, ಗಡ್ಡವಿಲ್ಲ, ಮನೆಯಲ್ಲಿ ವಿದ್ಯುತ್ತೂ ದೂರವಾಣಿಯೂ ಇರಬಹುದು. ಮನೆಮಾತು ಪೆನ್ಸಿಲ್ವೇನಿಯಾ ಜರ್ಮನ್.

ಅವರ ಟ್ರ್ಯಾಕ್ಟರಿನ ಚಕ್ರವನ್ನು ಗಮನಿಸಬೇಕು. ಅದು ರಬ್ಬರಿನದಲ್ಲ, ಉಕ್ಕಿನದು. ಉಳುವುದಕ್ಕೆ ಯಂತ್ರ ಇರಲಿ, ಆದರೆ ಅದೇ ಯಂತ್ರ ಮೆಲ್ಲಗೆ ಕಾರಿನ ಕೆಲಸ ಮಾಡುವಂತಾಗಬಾರದು ಎಂಬ ಎಚ್ಚರದಿಂದ ಮಾಡಿದ ಕಟ್ಟಳೆ ಅದು. ಉಕ್ಕಿನ ಚಕ್ರದಲ್ಲಿ ಹೊಲಕ್ಕೆ ಹೋಗಬಹುದು, ಪಟ್ಟಣ ಸುತ್ತಲು ಯಾರಿಗೂ ಮನಸ್ಸಾಗುವುದಿಲ್ಲ. ಜನ ಕುದುರೆಗಾಡಿ ಮತ್ತು ಸೈಕಲ್ ಹೋಗುವಷ್ಟು ದೂರದಲ್ಲೇ ಬದುಕಬೇಕು, ಆಗ ಅಕ್ಕಪಕ್ಕದವರು ಒಬ್ಬರಿಗೊಬ್ಬರು ಬೇಕಾಗುತ್ತಾರೆ ಎಂಬುದು ಅದರ ಹಿಂದಿನ ವಿಚಾರ. ಒಪ್ಪುವುದು ಬಿಡುವುದು ಅವರವರಿಗೆ ಬಿಟ್ಟದ್ದು; ಒಂದು ಉಪಕರಣ ತಮ್ಮ ಬದುಕನ್ನು ಯಾವ ಕಡೆ ಎಳೆಯುತ್ತದೆ ಎಂದು ಕೊಳ್ಳುವ ಮೊದಲೇ ಕೂತು ಯೋಚಿಸುವ ಸಮುದಾಯದ ಬಗ್ಗೆ ನನಗೆ ಆಳವಾದ ಗೌರವವಿದೆ. ಸಣ್ಣ ಹಿಡುವಳಿಯ ಹೈನುಗಾರಿಕೆ, ತರಕಾರಿ, ಮರಗೆಲಸ ಇವರ ಕೈಯಲ್ಲಿ ಮತ್ತೆ ಚಿಗುರಿತು. ಎಂಟನೆಯ ತರಗತಿಯವರೆಗೆ ಕಲಿಸುವ ಒಂದೇ ಕೋಣೆಯ ಶಾಲೆಗಳು ಹೊಲಗಳ ನಡುವೆ ತಲೆಯೆತ್ತಿದವು. 1987ರಲ್ಲಿ ಪೆನ್ ಯಾನ್ ದಕ್ಷಿಣಕ್ಕೆ ಶುರುವಾದ ವಿಂಡ್‌ಮಿಲ್ ಎಂಬ ಶನಿವಾರದ ಸಂತೆಯಲ್ಲಿ ಇವರೂ, ದ್ರಾಕ್ಷಿ ಬೆಳೆಗಾರರೂ, ಬೇಸಿಗೆಗೆ ಬರುವ ನಗರದವರೂ ಒಟ್ಟಿಗೆ ಸೇರುತ್ತಾರೆ.

ಈ ಮೂರು ಗುಂಪುಗಳ ನಡುವೆ ಇರುವ ಸೂಕ್ಷ್ಮ ಎಳೆ ಮತ್ತೆ ನೀರೇ. ಮೇಲಿನ ಹೊಲದ ಗೊಬ್ಬರ ಮಳೆಗೆ ತೊಳೆದು ಇಳಿಯುವುದು ಸರೋವರಕ್ಕೆ. ದಂಡೆಯ ಮನೆಗಳ ಕೊಳಚೆಗುಂಡಿಗಳು ಸೋರಿದರೂ ಅಲ್ಲಿಗೇ. ಕೆಲವು ವರ್ಷಗಳಿಂದ ಬೇಸಿಗೆಯ ಕೊನೆಗೆ ಈ ಸರೋವರಗಳಲ್ಲಿ ವಿಷಕಾರಿ ನೀಲಿಹಸಿರು ಪಾಚಿ ಕಾಣಿಸಿಕೊಳ್ಳುತ್ತಿದೆ, ಪೆನ್ ಯಾನ್ ಕುಡಿಯುವುದು ಕ್ಯೂಕಾದ ನೀರನ್ನೇ. ಕೋಡಿಯ ಕೆಳತುದಿಯ ಡ್ರೆಸ್ಡೆನ್‌ನಲ್ಲಿ ಚಿಂತೆ ಬೇರೆ ರೂಪದ್ದು. ಧರ್ಮಶ್ರದ್ಧೆಯನ್ನು ಬಹಿರಂಗವಾಗಿ ಪ್ರಶ್ನಿಸಿ ದೇಶವಿಡೀ ಭಾಷಣ ಮಾಡಿದ ರಾಬರ್ಟ್ ಇಂಗರ್‌ಸಾಲ್ 1833ರಲ್ಲಿ ಹುಟ್ಟಿದ ಮನೆ ಈ ಹಳ್ಳಿಯಲ್ಲಿದೆ. ಮಿತ್ರರ ಮೊದಲ ನೆಲೆಯಿಂದ ಅದು ಕೂಗಳತೆಯ ದೂರ. ಹಳ್ಳಿಯ ಹತ್ತಿರದ ಹಳೆಯ ಕಲ್ಲಿದ್ದಲ ವಿದ್ಯುತ್ ಸ್ಥಾವರ 2011ರಲ್ಲಿ ನಿಂತು, 2017ರಲ್ಲಿ ನೈಸರ್ಗಿಕ ಅನಿಲದಿಂದ ಮತ್ತೆ ಉರಿಯಿತು. ಆಮೇಲೆ ಅದರ ವಿದ್ಯುತ್ತಿನಲ್ಲಿ ಬಿಟ್‌ಕಾಯಿನ್ ಲೆಕ್ಕ ಹಾಕುವ ಸಾವಿರಾರು ಕಂಪ್ಯೂಟರ್‌ಗಳು ಓಡತೊಡಗಿದವು. ಯಂತ್ರ ತಂಪಾಗಿಸಲು ಸೆನೆಕಾದಿಂದ ಎತ್ತಿದ ನೀರು ಬೆಚ್ಚಗಾಗಿ ಕ್ಯೂಕಾದ ಕೋಡಿಗೆ ಬಿದ್ದು, ಅದರ ಮೂಲಕ ಸೆನೆಕಾಕ್ಕೇ ಮರಳುತ್ತದೆ. ತೋಟದವರೂ ಮೀನು ಹಿಡಿಯುವವರೂ ಆಕ್ಷೇಪವೆತ್ತಿದರು, ಕೆಲಸ ಮತ್ತು ತೆರಿಗೆ ಬರುತ್ತದೆ ಎಂದು ಕೆಲವರು ಬೆಂಬಲಿಸಿದರು. 2022ರಲ್ಲಿ ರಾಜ್ಯದ ಪರಿಸರ ಇಲಾಖೆ ಹೊಗೆ ಬಿಡುವ ಪರವಾನಗಿಯನ್ನು ನವೀಕರಿಸಲು ನಿರಾಕರಿಸಿದ ಮೇಲೆ ವಿಷಯ ನ್ಯಾಯಾಲಯದ ಮೆಟ್ಟಿಲೇರಿತು.

ಮೇಲೆ ಪೆನ್ ಯಾನ್‌ನಲ್ಲಿ, ಕೋಡಿಯ ಬಾಯಿಗೆ ಈಗ ಗೇಟುಗಳಿವೆ. ಚಳಿಗಾಲ ಬರುವ ಮೊದಲು ಅವನ್ನು ತೆರೆದು ಕ್ಯೂಕಾದ ಮಟ್ಟವನ್ನು ಸ್ವಲ್ಪ ತಗ್ಗಿಸುತ್ತಾರೆ, ಬೆಟ್ಟದ ಹಿಮ ಕರಗಿ ಬರುವ ನೀರಿಗೆ ಜಾಗವಿರಲೆಂದು.